ಅವರು ನಮ್ಮ ಆಳಲ್ಲ ಸಾರ್

ಹೊಲಿಗೆ ಯಂತ್ರಗಳು ಅಂಗಡಿಯವರದು. ಜಾಗವೂ ಅವರದೇ. ಹೊಲಿಯುವವರಿಗೆ ಮಾತ್ರ ತಿಂಗಳ ಸಂಬಳವಿಲ್ಲ, ಹೊಲಿದ ಒಂದೊಂದು ಉಡುಪಿಗೆ ಇಷ್ಟೆಂದು ಪೀಸಿನ ಲೆಕ್ಕ. ಕೈ ಪಳಗಿದವನಿಗೆ ಹೆಚ್ಚು ದರ, ಹೊಸಬನಿಗೆ ಕಡಿಮೆ. ಬೆಳಿಗ್ಗೆ ಬರಲಾಗದಿದ್ದರೆ ರಜೆ ಚೀಟಿ ಬರೆಯಬೇಕಿಲ್ಲ, ಹೇಳಿ ಕಳಿಸುವ ಹಂಗೂ ಇಲ್ಲ. ಕೆಲಸ ಇಲ್ಲದ ದಿನ ಅಂಗಡಿ ಮುಚ್ಚುವ ಮೊದಲೇ ಎದ್ದು ಹೋಗಬಹುದು. ಕೆಲವರು ಮಾಲೀಕನನ್ನು ಕೇಳಿ ಬಟ್ಟೆಯನ್ನು ಮನೆಗೊಯ್ದು ಹೊಲಿದು ತರುತ್ತಾರೆ. ಇವರು ಆ ಅಂಗಡಿಯ ನೌಕರರೋ, ಅಲ್ಲಿ ಕೂತು ತಮ್ಮ ಪಾಡಿಗೆ ದುಡಿಯುವ ಸ್ವತಂತ್ರ ದರ್ಜಿಗಳೋ?

ಪ್ರಶ್ನೆ ಹುಟ್ಟಿದ್ದು ಆಗಿನ ಆಂಧ್ರಪ್ರದೇಶದ ತೆಲಂಗಾಣ ಭಾಗದಲ್ಲಿ. ಅಂಗಡಿಯ ಹೆಸರು ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್. ಎದುರು ಪಕ್ಷ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಮುಖ್ಯ ಇನ್‌ಸ್ಪೆಕ್ಟರ್. ಕಾಯಿದೆ 1951ರದು, ಹೈದರಾಬಾದ್ ರಾಜ್ಯದ ಕಾಲದ್ದು. ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಅದೇ ರಾಜ್ಯದೊಳಗಿದ್ದವು ಎಂಬುದನ್ನು ನೆನೆದರೆ, ಈ ಮೊಕದ್ದಮೆಯ ಬೇರಿನಲ್ಲಿ ನಮ್ಮ ಮಣ್ಣೂ ಸ್ವಲ್ಪ ಅಂಟಿಕೊಂಡಿದೆ. ವ್ಯಾಜ್ಯ ಹೈಕೋರ್ಟ್ ದಾಟಿ ದೆಹಲಿಗೆ ಹೋಯಿತು. 1973ರ ಸೆಪ್ಟೆಂಬರ್ 25ರಂದು ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ತೀರ್ಪು ಬರೆದರು: ಈ ದರ್ಜಿಗಳು ಅಂಗಡಿಯ ನೌಕರರೇ.

ಅವರು ಹಿಡಿದ ಎಳೆ ತುಂಬಾ ಸರಳ. ಹೇಗೆ ಹೊಲಿಯಬೇಕೆಂದು ಹೇಳಿಕೊಡುವವನು ಮಾಲೀಕ. ಹೇಳಿದ ಹಾಗೆ ಹೊಲಿಯದಿದ್ದರೆ ಬಿಚ್ಚಿ ಮತ್ತೆ ಹೊಲಿ ಎನ್ನುವವನೂ ಅವನೇ. ಕೆಲಸ ಕೆಟ್ಟರೆ ಮುಂದಿನ ಬಟ್ಟೆ ಕೊಡುವುದಿಲ್ಲ. ಇಡೀ ದಿನ ಬೆನ್ನ ಹಿಂದೆ ನಿಂತು ನೋಡದಿದ್ದರೇನು, ಕೊನೆಗೆ ಬೇಡ ಎನ್ನುವ ಹಕ್ಕು ಇದೆಯಲ್ಲ, ಅದೂ ಹಿಡಿತವೇ. ಜತೆಗೆ ಯಂತ್ರ ಯಾರದು ಎಂಬುದೂ ಮುಖ್ಯ. ಒಬ್ಬ ಮನುಷ್ಯ ಇಬ್ಬರ ಹತ್ತಿರ ನೌಕರನಾಗಿ ಇರಬಾರದೆಂದೇನೂ ಇಲ್ಲ. ಆಳಿನ ಕೆಲಸ ಒಡೆಯನಿಗೆ ಪೂರ್ತಿ ಗೊತ್ತಿದ್ದ ಹಳೆಯ ಕಾಲದಲ್ಲಿ ‘ಹೇಗೆ ಮಾಡಬೇಕೆಂದು ಹೇಳುವವನೇ ಒಡೆಯ’ ಎಂಬ ಅಳತೆಗೋಲು ಸಾಕಾಗುತ್ತಿತ್ತು. ಕಸಬು ಬಲ್ಲವರನ್ನು ಇಟ್ಟುಕೊಂಡು ನಡೆಸುವ ವ್ಯಾಪಾರಕ್ಕೆ ಅದೊಂದೇ ಸಾಲದು ಎಂದು ಕೋರ್ಟು ಕಂಡುಕೊಂಡಿತು.

ಇವತ್ತಿಗೂ ದೇಶದ ಯಾವ ಊರಿನ ಕಾರ್ಮಿಕ ನ್ಯಾಯಾಲಯದಲ್ಲಾದರೂ ‘ಅವನು ನಮ್ಮ ನೌಕರನಲ್ಲ’ ಎಂದು ಮಾಲೀಕನ ವಕೀಲರು ವಾದಿಸಿದರೆ ಎದುರಿನವರು ಈ ದರ್ಜಿ ಅಂಗಡಿಯನ್ನು ಎತ್ತುತ್ತಾರೆ. ಆದರೆ ಅಂಗಡಿಯ ಗಲ್ಲಾದ ಮೇಲೆ ಕೂತವರಿಗೆ ಇದು ತಿಳಿದಿರುವುದು ಅಪರೂಪ. ಹೈದರಾಬಾದಿನ ಕಾಚಿಗುಡದ ಹೋಟೆಲಿಗೆ ಹೋಗಿ, ಬೇಗಂ ಬಜಾರಿನ ಗೋದಾಮಿಗೆ ಹೋಗಿ, ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿಗೆ ಹೋಗಿ, ನೌಕರರೆಷ್ಟು ಎಂದು ಕೇಳಿದರೆ ಮೊದಲು ಸಿಗುವ ಉತ್ತರ ಒಂದೇ ಜಾತಿಯದು. ಅವನು ಕಮಿಷನ್ ಮೇಲೆ. ಇವಳು ಪಾರ್ಟ್ ಟೈಮ್. ಆ ಇಬ್ಬರನ್ನು ಮೇಸ್ತ್ರಿ ಕಳಿಸುತ್ತಾನೆ. ಅವರು ನಮ್ಮ ಆಳಲ್ಲ ಸಾರ್.

ಸಿನಿಮಾ, ಸಮೋಸ, ಸೈಕಲ್

ಮೇಸ್ತ್ರಿ ಕಳಿಸುವ ಆ ಇಬ್ಬರ ವಿಚಾರಕ್ಕೂ ಉತ್ತರ ಸಿಕ್ಕಿದ್ದು ಹೈದರಾಬಾದಿನಿಂದಲೇ. ಅದು ಇನ್ನೂ ಸ್ವಾರಸ್ಯದ ಕಥೆ.

ಟಾಕೀಸುಗಳ ಆವರಣದಲ್ಲಿ ಒಂದು ಕ್ಯಾಂಟೀನು, ಒಂದು ಸೈಕಲ್ ಸ್ಟ್ಯಾಂಡು ಇರುತ್ತಿದ್ದ ಕಾಲ. ಎರಡನ್ನೂ ಟಾಕೀಸಿನವರು ನಡೆಸುತ್ತಿರಲಿಲ್ಲ, ಗುತ್ತಿಗೆಗೆ ಕೊಟ್ಟಿದ್ದರು. ಇಂಟರ್‌ವಲ್‌ನಲ್ಲಿ ಚಹಾ ಕೊಡುವ ಹುಡುಗನನ್ನು ಇಟ್ಟುಕೊಂಡವನು ಕ್ಯಾಂಟೀನಿನ ಗುತ್ತಿಗೆದಾರ, ಸೈಕಲ್ಲಿಗೆ ಟೋಕನ್ ಕಟ್ಟುವವನನ್ನು ಇಟ್ಟುಕೊಂಡವನು ಸ್ಟ್ಯಾಂಡಿನ ಗುತ್ತಿಗೆದಾರ. ನೌಕರರ ರಾಜ್ಯ ವಿಮಾ ನಿಗಮ, ಅಂದರೆ ಎಲ್ಲರ ಬಾಯಲ್ಲಿರುವ ಈಎಸ್‌ಐ, ಇವರಿಗೂ ವಂತಿಗೆ ಕಟ್ಟಿ ಎಂದು ಟಾಕೀಸಿನವರನ್ನು ಕೇಳಿತು. ಟಾಕೀಸಿನವರ ಪ್ರಶ್ನೆ ನ್ಯಾಯವಾಗಿಯೇ ಕೇಳಿಸುತ್ತದೆ: ನಾವು ತೋರಿಸುವುದು ಸಿನಿಮಾ, ಚಹಾ ಮಾರುವುದಕ್ಕೂ ಸೈಕಲ್ ಕಾಯುವುದಕ್ಕೂ ನಮಗೂ ಏನು ಸಂಬಂಧ? ಆ ಹುಡುಗರ ಹೆಸರೂ ನಮಗೆ ಗೊತ್ತಿಲ್ಲ, ಪಗಾರ ಕೊಡುವವರೂ ನಾವಲ್ಲ.

ರಾಯಲ್ ಟಾಕೀಸ್ ಮತ್ತು ಇತರರು, ಹೈದರಾಬಾದ್. ಆ ಹೆಸರಿನಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬರೆದವರು ವಿ.ಆರ್. ಕೃಷ್ಣಯ್ಯರ್. ಅದೇ ವರ್ಷದ ಫೆಬ್ರುವರಿಯಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ‘ಉದ್ಯಮ’ ಎಂದರೆ ಏನೇನು ಎಂಬುದರ ಬೇಲಿಯನ್ನು ಅಷ್ಟಗಲ ಸರಿಸಿದವರೂ ಅವರೇ. ಟಾಕೀಸಿನ ಪ್ರಕರಣದಲ್ಲಿ ಅವರು ಕೇಳಿಕೊಂಡದ್ದು, ಕ್ಯಾಂಟೀನು ಸಿನಿಮಾದ ಅಂಗವೇ ಎಂದಲ್ಲ. ಕಾಯಿದೆಗೆ ಅಷ್ಟೊಂದು ಬೇಕಾಗಿಲ್ಲ, ಸಂಸ್ಥೆಯ ಕೆಲಸಕ್ಕೆ ಹೊಂದಿಕೊಂಡು ಬರುವ, ಅದಕ್ಕೆ ಹೊರತಲ್ಲದ ಕೆಲಸವಾದರೆ ಸಾಕು. ಸಿನಿಮಾಕ್ಕೆ ಬಂದವರಿಗೆ ಕ್ಯಾಂಟೀನು, ಸೈಕಲ್ ಸ್ಟ್ಯಾಂಡು, ಸಿನಿಮಾ ಪತ್ರಿಕೆ ಮಾರುವ ಗೂಡು ಇವೆಲ್ಲ ಅನುಕೂಲ, ಕೆಲವೊಮ್ಮೆ ಅಗತ್ಯ. ಇವುಗಳಿಗೂ ಟಾಕೀಸಿಗೂ ಸಂಬಂಧವೇ ಇಲ್ಲವೆಂದು ಯಾರು ತಾನೇ ಹೇಳಬಲ್ಲರು? ಕೆಲಸ ನಡೆಯುವುದು ಟಾಕೀಸಿನ ಆವರಣದೊಳಗೆ. ಆದ್ದರಿಂದ ಮುಖ್ಯ ಮಾಲೀಕ ಟಾಕೀಸಿನವನೇ. ವಂತಿಗೆ ಅವನು ಕಟ್ಟಲಿ, ಕಟ್ಟಿದ್ದನ್ನು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ.

ಹೈದರಾಬಾದಿನಲ್ಲಿ ತೆಲಂಗಾಣ ಕಾರ್ಮಿಕ ಆಯುಕ್ತರ ಕಚೇರಿ ಇರುವುದು ಆರ್‌ಟಿಸಿ ಕ್ರಾಸ್ ರೋಡ್ಸ್‌ನಲ್ಲಿ, ನಗರದ ಹಲವು ಟಾಕೀಸುಗಳು ಮೈಗೆ ಮೈ ತಾಗಿಸಿಕೊಂಡು ನಿಂತಿರುವ ಜಾಗದಲ್ಲಿ. ಕಟ್ಟಡಕ್ಕೆ ಟಿ. ಅಂಜಯ್ಯನವರ ಹೆಸರು. ಆಲ್ವಿನ್ ಕಾರ್ಖಾನೆಯ ಕಾರ್ಮಿಕನಾಗಿ ಶುರುಮಾಡಿ ಯೂನಿಯನ್ ಕಟ್ಟಿ 1980ರಲ್ಲಿ ಮುಖ್ಯಮಂತ್ರಿಯಾದವರು ಅವರು. ಈಗ ಆ ರಸ್ತೆಯ ಟಾಕೀಸುಗಳ ಮುಂದೆ ಸೈಕಲ್ಲುಗಳಿಲ್ಲ. ಆದರೆ ಬೈಕು ನಿಲ್ಲಿಸಿ ಚೀಟಿ ಹರಿದು ಕೊಡುವ ಹುಡುಗ, ಮಾಲ್‌ನಲ್ಲಿ ನೆಲ ಒರೆಸುವ ಹೆಂಗಸು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತ ಸೆಕ್ಯೂರಿಟಿ ಇವರೆಲ್ಲರೂ ಆ ಸೈಕಲ್ ಸ್ಟ್ಯಾಂಡಿನವನ ವಂಶದವರೇ.

ದರ್ಜಿ ಅಂಗಡಿಯ ವಂಶವೂ ಬೆಳೆದಿದೆ, ಅಡ್ಡದಾರಿಯಲ್ಲಿ. ಊಟ ತಂದುಕೊಡುವ ಹುಡುಗನ ಬೈಕು ಅವನದೇ, ಪೆಟ್ರೋಲೂ ಅವನದೇ. ಯಂತ್ರ ಯಾರದು ಎಂಬ 1973ರ ಪ್ರಶ್ನೆಯನ್ನು ಈಗ ಕೇಳಿದರೆ ಬೈಕನ್ನು ತೋರಿಸಬೇಕೋ ಫೋನಿನೊಳಗಿನ ಆ್ಯಪನ್ನು ತೋರಿಸಬೇಕೋ ತಿಳಿಯುವುದಿಲ್ಲ. ಬೇಡ ಎನ್ನುವ ಹಕ್ಕು ಮಾತ್ರ ಪೂರ್ತಿ ಕಂಪನಿಯದು, ಐಡಿ ಬ್ಲಾಕ್ ಮಾಡಿದರೆ ಮುಗಿಯಿತು. ನಮ್ಮ ಶಾಸಕಾಂಗಗಳು ಈ ಪ್ರಶ್ನೆಗೆ ಉತ್ತರ ಕೊಡದೆ ಪಕ್ಕದಲ್ಲಿ ಹೊಸದೊಂದು ಪೆಟ್ಟಿಗೆ ಇಟ್ಟವು. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕರನ್ನು ‘ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗಿನವರು’ ಎಂದೇ ಕರೆಯುತ್ತದೆ. ಕರ್ನಾಟಕ 2025ರಲ್ಲಿ ತನ್ನದೇ ಕಾನೂನು ತಂದು, ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕ್ಷೇಮ ಶುಲ್ಕ ಹಾಕಿತು. ಅದೇ ವರ್ಷ ತೆಲಂಗಾಣವೂ ಒಂದು ಕರಡನ್ನು ಜನರ ಮುಂದಿಟ್ಟಿತು. ಏನೂ ಇಲ್ಲದ್ದಕ್ಕಿಂತ ಇದು ಮೇಲು. ಆದರೆ ನ್ಯಾಯಮೂರ್ತಿ ಮ್ಯಾಥ್ಯೂ ಅವರ ಮುಂದೆ ಈ ಹುಡುಗನನ್ನು ನಿಲ್ಲಿಸಿದ್ದರೆ ಅವರು ಬೈಕನ್ನಷ್ಟೇ ನೋಡಿ ಸುಮ್ಮನಾಗುತ್ತಿದ್ದರು ಎಂದು ನನಗನ್ನಿಸುವುದಿಲ್ಲ.

ಹತ್ತೊಂಬತ್ತರ ಗಣಿತ

ಯಾರು ನೌಕರ ಎಂಬುದು ಸಣ್ಣ ವ್ಯಾಪಾರಿಗೆ ತತ್ವದ ಮಾತಲ್ಲ, ತಲೆ ಎಣಿಕೆಯ ಮಾತು. ಯಾಕೆಂದರೆ ನಮ್ಮ ಕಾರ್ಮಿಕ ಕಾನೂನು ನಿಂತಿರುವುದೇ ತಲೆಗಳ ಮೇಲೆ. ಹತ್ತು ಜನರಾದರೆ ಈಎಸ್‌ಐ. ಹತ್ತಾದರೆ ಗ್ರಾಚ್ಯುಟಿ. ಅಂಗಡಿಗಳಲ್ಲಿ ಹೆರಿಗೆ ಸೌಲಭ್ಯಕ್ಕೂ ಹತ್ತೇ. ಇಪ್ಪತ್ತಾದರೆ ಭವಿಷ್ಯ ನಿಧಿ, ಬೋನಸ್.

ಉಡುಪಿ ಕಡೆಯವರು ಹೈದರಾಬಾದಿನಲ್ಲಿ ನಡೆಸುವ ಮಧ್ಯಮ ಗಾತ್ರದ ಹೋಟೆಲೊಂದನ್ನು ಊಹಿಸಿಕೊಳ್ಳಿ. ಅಡುಗೆಯವರು ನಾಲ್ವರು, ದೋಸೆ ಹುಯ್ಯುವವನೊಬ್ಬ, ಕಾಫಿ-ಟೀಗೆ ಒಬ್ಬ, ಸಪ್ಲೈಯರ್‌ಗಳು ಆರು, ಕ್ಲೀನರ್‌ಗಳು ನಾಲ್ವರು, ಗಲ್ಲಾಕ್ಕೆ ಇಬ್ಬರು, ಸ್ಟೋರ್ ನೋಡುವವನೊಬ್ಬ. ಹತ್ತೊಂಬತ್ತು. ಬೇಕೆಂದೇ ಹತ್ತೊಂಬತ್ತು. ಪಾತ್ರೆ ತೊಳೆಯಲು ಮೇಸ್ತ್ರಿ ಕಳಿಸುವ ಇಬ್ಬರು ಹೆಂಗಸರು ಲೆಕ್ಕದಲ್ಲಿಲ್ಲ, ಅವರು ‘ನಮ್ಮ ಆಳಲ್ಲ’. ಗುತ್ತಿಗೆದಾರನ ಮೂಲಕ ಬಂದವರೂ ಲೆಕ್ಕಕ್ಕೆ ಸೇರುತ್ತಾರೆಂದು ತಪಾಸಣೆಗೆ ಬಂದವರು ಆ ಇಬ್ಬರನ್ನು ಎಣಿಸಿದ ಗಳಿಗೆಯಲ್ಲಿ ಸಂಖ್ಯೆ ಇಪ್ಪತ್ತೊಂದಾಗುತ್ತದೆ. ಆಗ ಭವಿಷ್ಯ ನಿಧಿ ಕಟ್ಟಬೇಕಾಗುವುದು ಆ ಇಬ್ಬರಿಗಷ್ಟೇ ಅಲ್ಲ, ಎಲ್ಲರಿಗೂ. ಸಂಬಳ 15,000 ರೂಪಾಯಿ ಎಂದಿಟ್ಟುಕೊಂಡರೆ ಮಾಲೀಕನ ಪಾಲು ಶೇ 12, ತಲೆಗೆ 1,800. ಇಪ್ಪತ್ತೊಂದು ತಲೆಗೆ ತಿಂಗಳಿಗೆ 37,800. ನೌಕರನಿಂದ ಹಿಡಿಯಬೇಕಾದ ಅಷ್ಟೇ ಮೊತ್ತ ಬೇರೆ. ಹಿಂದಿನ ತಿಂಗಳುಗಳ ಬಾಕಿ ತೆಗೆದರೆ ಅದಕ್ಕೆ ವರ್ಷಕ್ಕೆ ಶೇ 12 ಬಡ್ಡಿ, ಮೇಲೆ ದಂಡ.

ಮಾಲೀಕರ ಸಂಕಟ ಇಲ್ಲಿ ನಿಜವಾದದ್ದು. ಹತ್ತೊಂಬತ್ತರಿಂದ ಇಪ್ಪತ್ತಕ್ಕೆ ಹೋಗುವುದು ಇಳಿಜಾರಿನಲ್ಲಿ ಹತ್ತಿದ ಹಾಗಿರಬೇಕಿತ್ತು, ಕಾನೂನು ಅದನ್ನು ಎದೆಯೆತ್ತರದ ಮೆಟ್ಟಿಲು ಮಾಡಿಟ್ಟಿದೆ. ಒಬ್ಬನನ್ನು ಹೆಚ್ಚಿಗೆ ಸೇರಿಸಿಕೊಳ್ಳುವ ಬದಲು ಇದ್ದವರಿಂದಲೇ ಹನ್ನೆರಡು ತಾಸು ದುಡಿಸುವ ಆಸೆ ಹುಟ್ಟುವುದು ಇಂಥ ಕಡೆಯೇ. ಇನ್ನು ಕೆಲವರು ಆಡಿಟರ್ ಮಾತು ಕೇಳಿ ಒಂದೇ ಹೋಟೆಲನ್ನು ಕಾಗದದ ಮೇಲೆ ಎರಡು ಮಾಡುತ್ತಾರೆ, ಸ್ವೀಟ್ ಕೌಂಟರ್ ಹೆಂಡತಿಯ ಹೆಸರಿಗೆ, ಹೋಟೆಲ್ ತನ್ನ ಹೆಸರಿಗೆ. ಇದು ಹಳೆಯ ಆಟ. ಭವಿಷ್ಯ ನಿಧಿಯ ಕಾನೂನು ಶಾಖೆ, ವಿಭಾಗಗಳನ್ನೆಲ್ಲ ಒಂದೇ ಸಂಸ್ಥೆ ಎಂದು ಎಣಿಸುತ್ತದೆ. ಆಡಳಿತ ಯಾರದು, ಹಣ ಯಾವ ಗಲ್ಲಾದಿಂದ ಯಾವ ಗಲ್ಲಾಕ್ಕೆ ಹರಿಯುತ್ತದೆ, ಆಳುಗಳು ಅತ್ತಿಂದಿತ್ತ ಓಡಾಡುತ್ತಾರೆಯೇ ಎಂದು ಕೋರ್ಟುಗಳು ನೋಡುತ್ತ ಬಂದಿವೆ. ಒಂದೇ ಅಡುಗೆಮನೆಯಿಂದ ಎರಡು ಬೋರ್ಡಿಗೆ ಇಡ್ಲಿ ಹೋಗುತ್ತಿದ್ದರೆ ಬೋರ್ಡು ನಿಲ್ಲುವುದಿಲ್ಲ. ಒಮ್ಮೆ ಇಪ್ಪತ್ತು ದಾಟಿ ಕಾನೂನಿನೊಳಗೆ ಬಂದ ಮೇಲೆ ಇಬ್ಬರನ್ನು ಕಳಿಸಿ ಹದಿನೆಂಟಕ್ಕೆ ಇಳಿದರೂ ಬಿಡುಗಡೆ ಸಿಗುತ್ತಿರಲಿಲ್ಲ ಎಂಬುದು ತಡವಾಗಿ ತಿಳಿದು ಕೈ ಹಿಸುಕಿಕೊಂಡವರು ಬಹಳ ಜನ.

ಇಲ್ಲೊಂದು ಮಾತನ್ನು ಖಾರವಾಗಿಯೇ ಹೇಳಬೇಕು. ಬಾಕಿ ಉಳಿಸಿಕೊಳ್ಳುವುದು ಒಂದು, ನೌಕರನ ಸಂಬಳದಿಂದ ಅವನ ಪಾಲು ಕತ್ತರಿಸಿಕೊಂಡು ಕಟ್ಟದೆ ಇರುವುದು ಇನ್ನೊಂದು. ಎರಡನೆಯದನ್ನು ಕ್ರಿಮಿನಲ್ ಕಾನೂನು ನಂಬಿಕೆ ದ್ರೋಹವೆಂದು ಎಣಿಸುತ್ತದೆ. ‘ಈ ತಿಂಗಳು ವ್ಯಾಪಾರ ಇರಲಿಲ್ಲ, ಮುಂದಿನ ತಿಂಗಳು ಹಾಕೋಣ’ ಎಂದು ಆ ಹಣವನ್ನು ದಿನಸಿ ಅಂಗಡಿಯ ಬಾಕಿಗೆ ಕೊಟ್ಟವರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದೀತು.

ಮನೆಯವರ ಹಾಗೆ

ಹೋಟೆಲಿನವರು ಹೆಮ್ಮೆಯಿಂದ ಹೇಳುವ ಮಾತೊಂದಿದೆ, ನಮ್ಮ ಹುಡುಗರು ಮನೆಯವರ ಹಾಗೆ ಎಂದು. ಸುಳ್ಳಲ್ಲ. ಕರಾವಳಿಯಿಂದ ಬಂದ ಹುಡುಗರು ಹೋಟೆಲಿನಲ್ಲೇ ಉಂಡು, ಮೇಲಿನ ಅಟ್ಟದಲ್ಲಿ ಮಲಗಿ, ಸಂಬಳವನ್ನು ಮಾಲೀಕರ ಹತ್ತಿರವೇ ಬಿಟ್ಟು, ಊರಿಗೆ ಮನಿಯಾರ್ಡರ್ ಮಾಡಿಸಿ, ಒಂದು ದಿನ ತಾವೇ ಹೋಟೆಲ್ ಇಟ್ಟದ್ದು ಎಷ್ಟೋ ಊರುಗಳ ಕಥೆ. ಕ್ಲೀನರ್ ಆಗಿ ಬಂದವನು ಮಾಲೀಕನಾಗುವ ಇಂಥ ದಾರಿ ಬೇರೆ ಉದ್ಯಮಗಳಲ್ಲಿ ಕಡಿಮೆ. ಆದರೆ ಮನೆಯವರ ಹಾಗೆ ಎಂಬುದರಲ್ಲಿ ಹಾಜರಿ ಪುಸ್ತಕ ಇರಲಿಲ್ಲ, ನೇಮಕ ಪತ್ರ ಇರಲಿಲ್ಲ, ಬಿಟ್ಟು ಹೋಗುವಾಗ ಎಷ್ಟು ಬರಬೇಕೆಂಬ ಲೆಕ್ಕ ಮಾಲೀಕರ ತಲೆಯಲ್ಲಷ್ಟೇ ಇತ್ತು. ಮನಸ್ತಾಪ ಬಂದ ದಿನ ಮನೆಯವನು ಆಳಾಗುತ್ತಾನೆ, ಅವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಚೀಟಿ ಇಲ್ಲದಿದ್ದರೆ ಮಾಲೀಕನಿಗೂ ಕಷ್ಟ. ತೆಲಂಗಾಣದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ 1988ರದು, ದಿನಕ್ಕೆ ಎಂಟು ತಾಸು, ವಾರಕ್ಕೆ 48, ಮೀರಿದರೆ ದುಪ್ಪಟ್ಟು ದರ ಎನ್ನುತ್ತದೆ. ಆರು ತಿಂಗಳು ಸತತ ದುಡಿದವನನ್ನು ಸಕಾರಣವಿಲ್ಲದೆ ತೆಗೆಯುವ ಹಾಗಿಲ್ಲ, ತೆಗೆಯುವುದಾದರೆ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅಷ್ಟು ಸಂಬಳ. ಇಷ್ಟು ಹೊತ್ತಿಗೆ ಬಂದ, ಇಷ್ಟು ಹೊತ್ತಿಗೆ ಹೋದ, ಇಷ್ಟು ಪಡೆದ ಎಂದು ತೋರಿಸುವ ಪುಸ್ತಕ ಇಲ್ಲದಿದ್ದರೆ ವಿಚಾರಣೆಯಲ್ಲಿ ನೌಕರ ಹೇಳಿದ್ದೇ ಲೆಕ್ಕವಾಗುವ ಸಂಭವ ಹೆಚ್ಚು. ಹುಡುಗ ಗಲ್ಲಾಕ್ಕೆ ಕೈ ಹಾಕಿದ್ದನೆಂದು ಎಲ್ಲರಿಗೂ ಗೊತ್ತಿರುತ್ತದೆ. ಒಂದು ನೋಟಿಸು ಕೊಟ್ಟು, ಅವನ ಉತ್ತರ ತೆಗೆದುಕೊಂಡು, ನಾಲ್ಕು ಸಾಲಿನ ವಿಚಾರಣೆ ಬರೆದಿಟ್ಟಿರುವುದಿಲ್ಲ. ಕಳ್ಳತನ ಹಿಡಿದ ಮಾಲೀಕ ಸೋಲುವುದು ಕಳ್ಳತನ ನಡೆದಿಲ್ಲವೆಂದಲ್ಲ, ಬರೆದಿಟ್ಟಿಲ್ಲವೆಂದು.

ಅಡ್ವಾನ್ಸ್ ವಿಚಾರ ಇನ್ನೂ ಸೂಕ್ಷ್ಮ. ತಂಗಿಯ ಮದುವೆಗೆಂದು ಐವತ್ತು ಸಾವಿರ ಕೊಟ್ಟು, ‘ತೀರುವ ತನಕ ಬೇರೆ ಕಡೆ ಹೋಗುವ ಹಾಗಿಲ್ಲ’ ಎನ್ನುವುದನ್ನು ಉಪಕಾರವೆಂದೇ ಇಬ್ಬರೂ ಎಣಿಸಿರುತ್ತಾರೆ. 1976ರ ಜೀತ ಪದ್ಧತಿ ನಿಷೇಧ ಕಾಯಿದೆ ಅದನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಸಾಲದ ಕಾರಣಕ್ಕೆ ಬೇರೆಡೆ ದುಡಿಯುವ ಸ್ವಾತಂತ್ರ್ಯ ಕಿತ್ತುಕೊಂಡರೆ ಅದು ಜೀತ, ಮೂರು ವರ್ಷದವರೆಗೆ ಜೈಲು. ಕೊಟ್ಟ ಸಾಲವನ್ನು ಕೇಳಬಹುದು, ಸಂಬಳದಲ್ಲಿ ಮಿತಿಯೊಳಗೆ ಹಿಡಿದುಕೊಳ್ಳಬಹುದು. ಮನುಷ್ಯನನ್ನು ಹಿಡಿದುಕೊಳ್ಳುವಂತಿಲ್ಲ.

ಮಲಗಲು ಜಾಗ ಕೊಡುವುದೂ ಉಪಕಾರವೇ. 2022ರ ಮಾರ್ಚ್ 23ರ ನಸುಕಿನಲ್ಲಿ ಸಿಕಂದರಾಬಾದಿನ ಭೋಯಿಗುಡದ ಗುಜರಿ ಗೋದಾಮಿಗೆ ಬೆಂಕಿ ಬಿತ್ತು. ಕೆಳಗೆ ಗುಜರಿ ಸಾಮಾನು, ಮೇಲೆ ಕಾರ್ಮಿಕರು ಮಲಗುವ ಕೋಣೆ. ಹನ್ನೊಂದು ಜನ ಅಲ್ಲೇ ತೀರಿಕೊಂಡರು, ಎಲ್ಲರೂ ಬಿಹಾರದಿಂದ ಬಂದವರು. ಹೊರಗೆ ಹಾರಿದ ಒಬ್ಬ ಉಳಿದ. ಮಾಲೀಕನ ಬಂಧನವಾಯಿತು, ಸರ್ಕಾರಗಳು ಪರಿಹಾರ ಘೋಷಿಸಿದವು. ಸುದ್ದಿ ಅಲ್ಲಿಗೆ ಮುಗಿಯಿತು. ಇಂಥ ಸಾವಿನ ಹಿಂದೆ ಕಾನೂನು ಮಾಡುವ ಲೆಕ್ಕ ಮಾತ್ರ ಪತ್ರಿಕೆಗಳಲ್ಲಿ ಕಾಣುವುದೇ ಇಲ್ಲ.

ಆ ಗೋದಾಮಿನ ಮಾತು ಬಿಡಿ, ಯಾವುದೇ ಸಣ್ಣ ಸಂಸ್ಥೆಯನ್ನು ತೆಗೆದುಕೊಳ್ಳಿ. ಕಾರ್ಮಿಕ ಪರಿಹಾರ ಕಾಯಿದೆಯ ಪಟ್ಟಿಗೆ ಸೇರಿದ ಕೆಲಸವಾಗಿದ್ದರೆ ಸಾಕು, ಒಬ್ಬನೇ ಆಳಿದ್ದರೂ ಸರಿ, ದುಡಿಮೆಯಲ್ಲಿ ಸತ್ತರೆ ಪರಿಹಾರ ಮಾಲೀಕನ ಕೈಯಿಂದ ಹೋಗಬೇಕು. 1923ರಿಂದ ಇರುವ ನಿಯಮ ಇದು, ತಲೆ ಎಣಿಕೆ ಇಲ್ಲದ ಅಪರೂಪದ ಹೊಣೆ. ಸೂತ್ರ ಹೀಗೆ: ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸುವುದು. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2020ರಲ್ಲಿ 15,000ಕ್ಕೆ ಏರಿಸಲಾಯಿತು. ಇಪ್ಪತ್ತೈದು ವಯಸ್ಸಿನವನಿಗೆ ಅಂಕಿ 216.91. ಏಳೂವರೆ ಸಾವಿರವನ್ನು ಅದರಿಂದ ಗುಣಿಸಿದರೆ 16,26,825 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಬಡ್ಡಿ, ಸಕಾರಣವಿಲ್ಲದ ತಡಕ್ಕೆ ಅರ್ಧದಷ್ಟರವರೆಗೆ ದಂಡ. ಗುಜರಿ ಅಂಗಡಿಯ ಒಡೆಯ ಇದನ್ನು ಎಲ್ಲಿಂದ ತರಬೇಕು?

ಅದೇ ಹುಡುಗ ಈಎಸ್‌ಐಯಲ್ಲಿ ಇದ್ದಿದ್ದರೆ ಮಾಲೀಕ ಕಟ್ಟಬೇಕಾದದ್ದು ಸಂಬಳದ ಶೇ 3.25, ಅಂದರೆ 15,000ಕ್ಕೆ ತಿಂಗಳಿಗೆ 487 ರೂಪಾಯಿ 50 ಪೈಸೆ. ಹುಡುಗನ ಪಾಲು ಶೇ 0.75. ಅವನು ಕೆಲಸದಲ್ಲಿ ಸತ್ತರೆ ಅವನ ಅವಲಂಬಿತರಿಗೆ ಸಂಬಳದ ಶೇ 90ರಷ್ಟನ್ನು ತಿಂಗಳು ತಿಂಗಳು ಹಂಚಿಕೊಡುವುದು ನಿಗಮದ ಹೊಣೆ, ಮಾಲೀಕ ಪರಿಹಾರದ ಮೊಕದ್ದಮೆಯಿಂದ ಪಾರು. ಜ್ವರ ಬಂದರೆ ಸನತ್‌ನಗರದ ಆಸ್ಪತ್ರೆ. ಮೆಟ್ರೊ ನಿಲ್ದಾಣಕ್ಕೇ ಈಎಸ್‌ಐ ಹಾಸ್ಪಿಟಲ್ ಎಂದು ಹೆಸರಿರುವುದರಿಂದ ಹೈದರಾಬಾದಿನಲ್ಲಿ ದಾರಿ ಕೇಳಬೇಕಾಗಿಯೂ ಇಲ್ಲ. ಆ ಆಸ್ಪತ್ರೆಯ ಸಾಲುಗಳ ಬಗ್ಗೆ ದೂರುಗಳಿವೆ, ಇರಲಿ. ಸಣ್ಣ ಮಾಲೀಕರು ಈಎಸ್‌ಐಯನ್ನು ಸರ್ಕಾರಕ್ಕೆ ಕಟ್ಟುವ ಕಪ್ಪವೆಂದು ನೋಡುತ್ತಾರೆ. ನನ್ನ ಕಣ್ಣಿಗೆ ಅದು ಮಾಲೀಕನೇ ಕೊಂಡುಕೊಳ್ಳುವ ಅಗ್ಗದ ವಿಮೆ. ಹತ್ತಕ್ಕಿಂತ ಕಡಿಮೆ ಜನ ಇದ್ದವರೂ ಈಗ ಇಷ್ಟಪಟ್ಟರೆ ಸೇರಬಹುದು.

ಬಳೆ, ಬಾಗಿಲು, ಬೆಳಗಿನ ತನಕ

2015ರ ಜನವರಿಯಲ್ಲಿ ಹೈದರಾಬಾದಿನ ಹಳೆಯ ನಗರದ ಕಾರ್ಖಾನೆಗಳಿಂದ ಪೊಲೀಸರು ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಬಿಡಿಸಿದರು. ಬಹುತೇಕ ಬಿಹಾರದ ಮಕ್ಕಳು, ಗಾಳಿಯಾಡದ ಕೋಣೆಗಳಲ್ಲಿ ಕೂತು ಬಳೆಗೆ ಹರಳು ಅಂಟಿಸುತ್ತಿದ್ದರು. ಅವುಗಳನ್ನು ಕಾರ್ಖಾನೆ ಎನ್ನುವುದೂ ದೊಡ್ಡ ಮಾತು, ಒಂದೆರಡು ಕೋಣೆಯ ಮನೆಗಳು. ಲಾಡ್ ಬಜಾರಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ನನಗೆ ನೆನಪಾದದ್ದು ಆ ಕೋಣೆಗಳು. ಬಾಲಕಾರ್ಮಿಕ ಕಾಯಿದೆಗೆ ಆದ 2016ರ ತಿದ್ದುಪಡಿಯ ಮೇಲೆ ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡರೆ ಆರು ತಿಂಗಳಿಂದ ಎರಡು ವರ್ಷ ಸಜೆ ಅಥವಾ 20,000ದಿಂದ 50,000 ದಂಡ, ಇಲ್ಲವೇ ಎರಡೂ. ವಾರಂಟ್ ಇಲ್ಲದೆ ಬಂಧಿಸಬಹುದು. ಶಾಲೆ ಮುಗಿಸಿ ಬಂದ ಮಗ ಅಪ್ಪನ ಅಂಗಡಿಯಲ್ಲಿ ಕೈ ಜೋಡಿಸಿದರೆ ತಪ್ಪಿಲ್ಲ ಎಂಬ ವಿನಾಯಿತಿ ಇದೆ. ಅದನ್ನು ಹಿಡಿದು, ಸಿಕ್ಕಿಬಿದ್ದ ದಿನ ಎಲ್ಲ ಮಕ್ಕಳೂ ಅಣ್ಣನ ಮಕ್ಕಳಾಗುತ್ತಾರೆ.

ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಲ್ಲಿಯೂ ಹತ್ತರ ಎಣಿಕೆ ಬರುತ್ತದೆ. ಹತ್ತು ಮಂದಿ ಇದ್ದರೆ ಆಂತರಿಕ ಸಮಿತಿ ಮಾಡಬೇಕು, ಇಲ್ಲದಿದ್ದರೆ 50,000ದವರೆಗೆ ದಂಡ. ‘ನಮ್ಮಲ್ಲಿ ಇರುವುದೇ ಇಬ್ಬರು ಹೆಂಗಸರು’ ಎನ್ನುವ ಉತ್ತರ ಇಲ್ಲಿ ನಡೆಯುವುದಿಲ್ಲ, ಎಣಿಸುವುದು ಎಲ್ಲರನ್ನೂ. ಹತ್ತಕ್ಕಿಂತ ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಆ ಸಮಿತಿಯ ವಿಳಾಸವನ್ನು ಬಾಗಿಲ ಹಿಂದೆ ಅಂಟಿಸಿದ ಅಂಗಡಿಯನ್ನು ನಾನಂತೂ ನೋಡಿಲ್ಲ.

2023ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ 10,000 ರೂಪಾಯಿ ಶುಲ್ಕ ಕಟ್ಟಿದರೆ ಅಂಗಡಿಗಳನ್ನು ಇಪ್ಪತ್ತನಾಲ್ಕು ಗಂಟೆ ತೆರೆದಿಡಬಹುದೆಂದು ಹೇಳಿತು. ವಾರದ ರಜೆ, ಗುರುತಿನ ಚೀಟಿ, ರಾತ್ರಿ ದುಡಿಯುವ ಹೆಂಗಸರ ಒಪ್ಪಿಗೆ, ಅವರಿಗೆ ವಾಹನ, ಹೀಗೆ ಷರತ್ತುಗಳಿದ್ದವು. 2025ರ ಜುಲೈಯಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ದಿನದ ದುಡಿಮೆಯನ್ನು ಹತ್ತು ತಾಸಿಗೆ ಏರಿಸಲು ಬಿಟ್ಟಿತು. ವಾರದ 48 ತಾಸು ಹಾಗೆಯೇ ಉಳಿಯಿತು. ಈ ಸಡಿಲಿಕೆಯಲ್ಲಿ ಅಂಗಡಿಗಳು ಸೇರಿರಲಿಲ್ಲ. ಆದರೆ ‘ಹತ್ತು ತಾಸು ಮಾಡಿದ್ದಾರಂತೆ’ ಎಂಬ ಸುದ್ದಿ ಅಂಗಡಿಗಳಿಗೇ ಮೊದಲು ತಲುಪಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕಾಯಿದೆಗಳನ್ನು ಒಳಗೆ ಎಳೆದುಕೊಂಡವು. ಅಂಗಡಿ ಕಾಯಿದೆ ರಾಜ್ಯದ್ದಾದ್ದರಿಂದ ಅದು ಹೊರಗೇ ಉಳಿಯಿತು. ಸಣ್ಣ ವ್ಯಾಪಾರಿಗೆ ನೇರವಾಗಿ ತಟ್ಟುವವು ಕೆಲವೇ. ಮೂಲ ವೇತನವನ್ನು ಸಣ್ಣದಾಗಿಟ್ಟು ಉಳಿದದ್ದನ್ನೆಲ್ಲ ಭತ್ಯೆ ಎಂದು ಬರೆಯುವ ಜಾಣ್ಮೆಗೆ ಕಡಿವಾಣ ಬಿತ್ತು, ಭತ್ಯೆಗಳು ಒಟ್ಟಿನ ಅರ್ಧ ಮೀರಿದರೆ ಮೀರಿದ್ದು ವೇತನಕ್ಕೇ ಸೇರುತ್ತದೆ. ನಿಗದಿತ ಅವಧಿಗೆ ಎಂದು ಇಟ್ಟುಕೊಂಡವನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಕೆಲಸ ಬಿಟ್ಟವನ, ಬಿಡಿಸಲ್ಪಟ್ಟವನ ಲೆಕ್ಕವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ‘ಹತ್ತನೇ ತಾರೀಕು ಬಾ, ಆಡಿಟರ್ ಊರಲ್ಲಿಲ್ಲ’ ಎಂದು ಮೂರು ತಿಂಗಳು ಓಡಾಡಿಸುವ ಪದ್ಧತಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ. ವೇತನ ಸಂಹಿತೆಗೆ ಹತ್ತು-ಇಪ್ಪತ್ತರ ಗಡಿಯೂ ಇಲ್ಲ, ಒಬ್ಬನೇ ಹುಡುಗನನ್ನು ಇಟ್ಟುಕೊಂಡ ಪಾನ್ ಅಂಗಡಿಗೂ ಅದು ಹೊಂದುತ್ತದೆ.

ಇಷ್ಟೆಲ್ಲ ಓದಿದ ಮಾಲೀಕರೊಬ್ಬರು ಕೇಳಬಹುದಾದ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಹುಡುಗನಿಗೆ ಈಎಸ್‌ಐ ಕಟ್ಟುತ್ತೇನೆ, ಭವಿಷ್ಯ ನಿಧಿ ಕಟ್ಟುತ್ತೇನೆ, ನನಗೇನು? ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದು ರಾತ್ರಿ ಹನ್ನೊಂದಕ್ಕೆ ಮುಚ್ಚುವ ಹೋಟೆಲ್ ಒಡೆಯ ತನ್ನದೇ ಸಂಸ್ಥೆಯಲ್ಲಿ ನೌಕರನಲ್ಲ, ಆದ್ದರಿಂದ ಅವನ ಎದೆನೋವಿಗೆ ಸನತ್‌ನಗರದ ಬಾಗಿಲು ತೆರೆಯುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ ಒಂದೂವರೆ ಕೋಟಿಗಿಂತ ಕಡಿಮೆ ವಹಿವಾಟಿನ ವ್ಯಾಪಾರಿಗಳಿಗೆ ಒಂದು ಪಿಂಚಣಿ ಯೋಜನೆ ತಂದಿತು. ಅರವತ್ತು ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ. ಸೇರಲು ವಯಸ್ಸು ಹದಿನೆಂಟರಿಂದ ನಲವತ್ತರೊಳಗಿರಬೇಕು. ಕ್ಲೀನರ್ ಆಗಿ ಬಂದು, ಸಪ್ಲೈಯರ್ ಆಗಿ, ಗಲ್ಲಾಕ್ಕೆ ಏರಿ, ಕೊನೆಗೆ ಸ್ವಂತ ಹೋಟೆಲ್ ಇಟ್ಟವರಲ್ಲಿ ಎಷ್ಟು ಜನ ನಲವತ್ತರೊಳಗೆ ಮಾಲೀಕರಾಗುತ್ತಾರೆ?